ನಿಮ್ಮ ಸರದಿ, ಚಿಕ್ಕಜ್ಜ

ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸಹೋದರಿಯರ ಕಥೆ ಬರುತ್ತದೆ. ಚೆನ್ನೆಮಣೆಯ ಆಟದಲ್ಲಿ ಜಗಳ ಹುಟ್ಟಿ, ಅಕ್ಕ ಮಣೆಯಿಂದಲೇ ತಂಗಿಗೆ ಹೊಡೆಯುತ್ತಾಳೆ; ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಈ ಕಥೆಯ ಭಯದಿಂದಲೇ ಇರಬೇಕು, ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ಕಟ್ಟಳೆ ನಮ್ಮ ಮನೆಯಲ್ಲಿತ್ತು. ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿದ ಮಣೆಯ 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ 56 ಬೀಜಗಳನ್ನು ತುಂಬಿ ನಾವೂ ನಮ್ಮ ತಮ್ಮನೂ ಸೋದರತ್ತೆಯ ಮಕ್ಕಳೊಡನೆ ಆಡುತ್ತಿದ್ದೆವೇ ಹೊರತು ಪರಸ್ಪರ ಆಡಿದವರಲ್ಲ. ಆಡದಿದ್ದರೂ ಜಗಳ ತಪ್ಪಲಿಲ್ಲವೆಂಬುದು ಬೇರೆ ಮಾತು.

ಜಗಳಕ್ಕೆ ಕಾರಣ ಸುರಂಗದ ನೀರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವೆಂದರೆ ಏನೆಂದು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. 2008ರಲ್ಲಿ ಪಾಲಾದಾಗ ಅಡಿಕೆ ತೋಟವನ್ನು ಅಳೆದು ಎರಡು ಮಾಡಬಹುದಾಯಿತು, ನೀರನ್ನು ಅಳೆಯಲಾಗಲಿಲ್ಲ. ದಾವೆ ಹೂಡಿದ್ದಾಯಿತು. ತಮ್ಮ ಮಂಗಳೂರಿನ ಮಗನ ಮನೆ ಸೇರಿದ. ಅಲ್ಲಿಂದ ಮುಂದೆ 12 ವರ್ಷ ಮಾತಿಲ್ಲ. ಬಂಧುಗಳ ಮದುವೆಯಲ್ಲಿ ಅವನು ಮೊದಲ ಪಂಕ್ತಿಗೆ ಕುಳಿತರೆ ನಾವು ಎರಡನೆಯದಕ್ಕೆ; ಬಡಿಸುವವರಿಗೂ ಅದು ರೂಢಿಯಾಗಿತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಿತು. ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿದ್ದಿತು. ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ ನಮ್ಮಲ್ಲೇ ಉಳಿದರು. ಮೊಮ್ಮಗನು ಹಗಲಿಡೀ ಮೊಬೈಲಿನಲ್ಲಿ ‘ಲೂಡೊ ಕಿಂಗ್’ ಆಡುತ್ತಿದ್ದ. 2016ರಲ್ಲಿ ನಮ್ಮ ದೇಶದಲ್ಲಿಯೇ ತಯಾರಾಗಿ ಬಂದ ಆಟವಂತೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು. ಮಕ್ಕಳ ಕೈಯ ಮೊಬೈಲಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಅವನು ಆಡುತ್ತಿದ್ದುದು ಮಂಗಳೂರಿನಲ್ಲಿದ್ದ ತಮ್ಮನ ಮೊಮ್ಮಗಳೊಡನೆ! ಎರಡು ಮನೆಯ ಹೆಂಗಸರು ಇಷ್ಟು ವರ್ಷವೂ ಫೋನಿನಲ್ಲಿ ಮಾತಾಡುತ್ತಲೇ ಇದ್ದರೆಂಬುದು ಗಂಡಸರಿಗೆ ತಿಳಿದದ್ದು ಆಗಲೇ.

ಆಟಕ್ಕೆ ನಾಲ್ವರಿದ್ದರೆ ಚೆನ್ನ. ಅಪರಿಚಿತರನ್ನು ಸೇರಿಸಬಾರದೆಂದು ತಾಯಂದಿರ ಆಜ್ಞೆ. ಹೀಗಾಗಿ ಇಬ್ಬರು ಅಜ್ಜಂದಿರೂ ಭರ್ತಿಯಾದೆವು. ನಮ್ಮದು ಕೆಂಪು, ತಮ್ಮನದು ಹಸುರು. ಇನ್ನೊಂದು ಫೋನಿನಲ್ಲಿ ಮಕ್ಕಳ ಮಾತು ನಡೆಯುತ್ತಿತ್ತು: “ನಿಮ್ಮ ಸರದಿ, ಚಿಕ್ಕಜ್ಜ,” “ದೊಡ್ಡಜ್ಜಾ, ಬೇಗ ಒತ್ತಿ.” ಮುದುಕರಿಬ್ಬರೂ ಮೌನ. ಒಂದು ವಾರ ಹಾಗೆಯೇ ಕಳೆಯಿತು.

ಒಂದು ರಾತ್ರಿ ಹಸುರು ಕಾಯಿಯೊಂದು ಸುತ್ತು ಮುಗಿಸಿ ಮನೆಯ ದಾರಿಗೆ ತಿರುಗುವುದರಲ್ಲಿತ್ತು. ನಮಗೆ ಆರು ಬಿದ್ದಿತು, ಅದನ್ನು ಕಡಿದೆವು.

“ಮನೆಯ ಬಾಗಿಲಲ್ಲೇ ಕಡಿದೆಯಲ್ಲ, ಅಣ್ಣ!”

“ಆರು ಬಿದ್ದರೆ ಏನು ಮಾಡುವುದು ಮಾರಾಯ? ನಿನ್ನ ಇನ್ನೊಂದು ಕಾಯಿ ನಕ್ಷತ್ರದ ಮನೆಯಲ್ಲಿ ಉಂಟಲ್ಲ.”

ಮಕ್ಕಳು ಸುಮ್ಮನಾದರು. ಒಳಗೆ ಪಾತ್ರೆಯ ಸದ್ದೂ ನಿಂತಿತು. ತಮ್ಮನೇ ಮತ್ತೆ ಹೇಳಿದ, “ಈ ಫೋನು ನಿನ್ನ ಪಕ್ಷ.” ನಮ್ಮ ಫೋನು ಅವನ ಪಕ್ಷವೆಂದು ನಮಗೂ ಅನ್ನಿಸಿದ್ದುಂಟು. ಚೆನ್ನೆಯಲ್ಲಿ ಬೀಜ ಎಣಿಸುವ ಜಾಣತನ ಬೇಕು, ಸೋತವನಿಗೆ ಗೆದ್ದವನ ಮೇಲೆ ಸಿಟ್ಟು ಬರುತ್ತದೆ. ಇಲ್ಲಿ ದಾಳ ಉರುಳಿಸುವುದು ಯಂತ್ರ. ಬೈಯುವುದಿದ್ದರೆ ಅದನ್ನೇ ಬೈಯಬೇಕು. ಆ ಬೇಸಿಗೆಯಿಡೀ ಇಬ್ಬರೂ ಒಕ್ಕೊರಲಿನಿಂದ ಅದನ್ನು ಬೈದೆವು.

ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಕ್ಷಮೆ ಕೇಳುವ ನಾಟಕವೂ ನಡೆಯಲಿಲ್ಲ. ಮೇ ತಿಂಗಳಲ್ಲೊಂದು ದಿನ, ಆಟ ಮುಗಿದು ಮಕ್ಕಳೆದ್ದ ಮೇಲೆಯೂ ತಮ್ಮ ಫೋನು ಇಡಲಿಲ್ಲ.

“ಸುರಂಗದಲ್ಲಿ ನೀರು ಹೇಗುಂಟು?”

“ಹೆಬ್ಬೆರಳು ದಪ್ಪ ಬರುತ್ತದೆ. ನಿನ್ನ ಆಳು ಬಾರದೆ ತಿಂಗಳು ಎರಡಾಯಿತು. ಮಗ ದಿನ ಬಿಟ್ಟು ದಿನ ನಿನ್ನ ಕಡೆಗೆ ತಿರುಗಿಸುತ್ತಿದ್ದಾನೆ.”

ಅತ್ತಣಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, “ಮೇಲಿನ ಸಾಲಿನ ಸಸಿಗಳಿಗೆ ಸ್ವಲ್ಪ ಹೆಚ್ಚು ಬಿಡಲು ಹೇಳು,” ಎಂದ.

ಗಡಿ ತೆರೆದ ಮೇಲೆ ಅವನು ಬಂದ, ಮೊದಲು ತೋಟಕ್ಕೆ, ಅನಂತರ ಮನೆಗೆ. ದಾವೆ ಇನ್ನೂ ಇತ್ಯರ್ಥವಾಗಿಲ್ಲ. ಹಿಂತೆಗೆದುಕೊಳ್ಳಲು ಇಬ್ಬರಿಗೂ ಮನಸ್ಸಿಲ್ಲ. ವಾಯಿದೆಯ ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿಯುತ್ತಾನೆ. ಬೆಳಗ್ಗೆ ಒಂದೇ ಆಟೋರಿಕ್ಷಾದಲ್ಲಿ ನ್ಯಾಯಾಲಯಕ್ಕೆ ಹೋಗುತ್ತೇವೆ, ಬಾಡಿಗೆ ಸಮಪಾಲು.