ಕರಿಯನ ತುರಿಕೆ

ಮಾರನಹಳ್ಳಿಯ ಮಳೆಗಾಲದ ರಾತ್ರಿಗಳಲ್ಲಿ ಹಂಚಿನ ಮೇಲಿನ ಮಳೆಯ ಸದ್ದಿಗಿಂತ ಹೆಚ್ಚಾಗಿ ನನ್ನ ನಿದ್ದೆ ಕೆಡಿಸುತ್ತಿದ್ದುದು ಇನ್ನೊಂದು ಸದ್ದು. ಜಗಲಿಯ ಹಲಗೆಗೆ ಕರಿಯನ ಹಿಂಗಾಲು ಬಡಿಯುವ ಟಕ್ ಟಕ್. ಕೆರೆದೂ ಕೆರೆದೂ ಬಾಲದ ಬುಡದಲ್ಲಿ ಕೂದಲೇ ಇರಲಿಲ್ಲ. ಚರ್ಮ ಕೆಂಪಾಗಿ ನೀರು ಸೋರುತ್ತಿತ್ತು.

ಅದು 1994ರ ಮಳೆಗಾಲ. ಅತ್ತೆ ಬೇವಿನ ಸೊಪ್ಪಿನ ನೀರು ಹಾಕಿ ನೋಡಿದರು. ಎರಡು ದಿನ ನೆಮ್ಮದಿ, ಮತ್ತೆ ಅದೇ ಟಕ್ ಟಕ್. ಕೊನೆಗೆ ಬುದ್ಧಿವಂತಿಕೆ ತೋರಿಸಲು ಹೋದವಳು ನಾನು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆಂದು ತಂದಿದ್ದ ಬಿ.ಎಚ್.ಸಿ. ಪುಡಿ ಉಗ್ರಾಣದಲ್ಲಿತ್ತು. ಗಿಡದ ಹುಳು ಸಾಯುವುದಾದರೆ ನಾಯಿಯ ಚಿಗಟ ಸಾಯದೇ? ಯಾರನ್ನೂ ಕೇಳದೆ ಅವನ ಮೈತುಂಬ ಪುಡಿ ತಿಕ್ಕಿದೆ.

ಸಂಜೆಯ ಹೊತ್ತಿಗೆ ಕರಿಯ ಜೊಲ್ಲು ಸುರಿಸುತ್ತ ನಡುಗತೊಡಗಿದ. ಆಮೇಲೆ ಕಾಲುಗಳು ಸೆಟೆದುಕೊಂಡವು. ಮೈ ನೆಕ್ಕಿಕೊಂಡಿದ್ದ, ಪಾಪ. ಅತ್ತೆ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ಓಡಿ ಬಂದರು. ಅಷ್ಟರಲ್ಲಿ ನಮ್ಮವರು ಜೀಪು ತಂದರು. ಘಾಟಿಯ ಮಂಜಿನಲ್ಲಿ ಸಕಲೇಶಪುರದವರೆಗೂ ಅವನ ತಲೆ ನನ್ನ ಮಡಿಲಲ್ಲಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಪಶುವೈದ್ಯರು ಸೆಟೆತ ನಿಲ್ಲಲು ಇಂಜೆಕ್ಷನ್ ಕೊಟ್ಟು, ಸೋಪುನೀರಿನಲ್ಲಿ ಮೈ ತೊಳೆಸಿದರು. "ಎಣ್ಣೆ ಹಚ್ಚಲಿಲ್ಲ ತಾನೇ? ಹಚ್ಚಿದ್ದರೆ ವಿಷ ಇನ್ನೂ ಬೇಗ ಒಳಕ್ಕಿಳಿಯುತ್ತಿತ್ತು," ಎಂದರು. ಅತ್ತೆಯೂ ನಾನೂ ಮುಖಮುಖ ನೋಡಿಕೊಂಡೆವು.

ಮರುದಿನ ಕರಿಯ ಕಣ್ಣು ಬಿಟ್ಟ ಮೇಲೆ ಡಾಕ್ಟರು ಅವನ ರೋಮದಿಂದ ಕರಿಮಣ್ಣಿನಂಥ ಕಾಳು ಬಾಚಿ ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಸುತ್ತಲೂ ಕೆಂಪು ಹರಡಿತು. "ಇದು ಮಣ್ಣಲ್ಲಮ್ಮ, ಚಿಗಟದ ಹಿಕ್ಕೆ. ನಿಮ್ಮ ನಾಯಿಯದೇ ರಕ್ತ." ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಅಲರ್ಜಿಯಂತೆ. ಒಂದೆರಡು ಕಚ್ಚಿದರೂ ಸಾಕು, ದಿನಗಟ್ಟಲೆ ತುರಿಕೆ. ಬಾಲದ ಬುಡ ಬೋಳಾಗುವುದೇ ಅದರ ಗುರುತು.

ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಚಿಗಟ ನಾಯಿಯ ಮೇಲೆ ಮೊಟ್ಟೆ ಇಟ್ಟರೂ ಮೊಟ್ಟೆ ಅಲ್ಲಿ ನಿಲ್ಲುವುದಿಲ್ಲ. ಅದು ಮಲಗುವ ಜಾಗದಲ್ಲಿ ಉದುರುತ್ತದೆ. ಹಲಗೆಯ ಸಂದಿನ ದೂಳಿನಲ್ಲಿ ಮರಿಹುಳು ಬೆಳೆದು ಗೂಡು ಕಟ್ಟುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾದಿದ್ದು, ಹತ್ತಿರ ಬಿಸಿಮೈ ಸುಳಿದರೆ ಹೊರಗೆ ನೆಗೆಯುತ್ತದೆ. ನಾವು ನಾಯಿಯನ್ನಷ್ಟೇ ತೊಳೆಯುತ್ತಿದ್ದೆವು, ರೋಗ ಮನೆಯಲ್ಲಿತ್ತು.

ಮನೆಗೆ ಬಂದವಳೇ ಕರಿಯನ ಗೋಣಿಚೀಲ ಸುಟ್ಟೆ. ಹಳೇ ಸೀರೆಯ ಹಾಸಿಗೆ ಮಾಡಿ ವಾರಕ್ಕೊಮ್ಮೆ ಹಂಡೆಯ ಕುದಿನೀರಿಗೆ ಹಾಕಿದೆ. ಜಗಲಿಯ ಸಂದು, ಸೌದೆ ಕೊಟ್ಟಿಗೆ ಗುಡಿಸಿ ಕಸವನ್ನು ಒಲೆಗೆ ಹಾಕಿದೆ. ಒಲೆಯ ಮಗ್ಗುಲಲ್ಲಿ ಸಾಧುವಿನಂತೆ ಮಲಗಿದ್ದ ಬೆಕ್ಕಿಗೂ ಔಷಧಿ ಆಯಿತು. ಚಿಗಟಕ್ಕೆ ಬೆಕ್ಕು ನಾಯಿ ಎಂಬ ಭೇದವಿಲ್ಲ. ಆದರೆ ಔಷಧಿಗಿದೆ: ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ಬಾಲದ ಬುಡದಲ್ಲಿ ಕಪ್ಪು ರೋಮ ಚಿಗುರಿತು.

1997ರಲ್ಲಿ ಸರ್ಕಾರ ಬಿ.ಎಚ್.ಸಿ.ಯನ್ನೇ ನಿಷೇಧಿಸಿತು. ಈಗ ಪೇಟೆಯ ಅಂಗಡಿಯಲ್ಲಿ ನಾಯಿಯ ತೂಕ ನೋಡಿ ಕೊಡುವ ಮಾತ್ರೆ ಇದೆ, ಕತ್ತಿನ ಹಿಂದೆ ಬಿಡುವ ಹನಿ ಇದೆ. ಆದರೂ ಯಾರಾದರೂ "ನಾಯಿಗೆ ಬಹಳ ತುರಿಕೆ ಕಣ್ರೀ, ಸ್ವಲ್ಪ ಸೀಮೆಎಣ್ಣೆ ಹಚ್ಚಲಾ?" ಎಂದರೆ ನನ್ನ ಮೈ ಝುಂ ಎನ್ನುತ್ತದೆ. ಮೊದಲು ಅದು ಮಲಗುವ ಜಾಗ ನೋಡಿ, ಆಮೇಲೆ ಡಾಕ್ಟರನ್ನು ಕೇಳಿ ಎನ್ನುತ್ತೇನೆ.

ಕರಿಯ ಮುಂದೆ ಆರು ವರ್ಷ ಬದುಕಿದ. ನನ್ನ ಕೈಯಿಂದಲೇ ಅನ್ನ ತಿಂದ. ಆದರೆ ನಾನು ಡಬ್ಬಿಯ ಮುಚ್ಚಳ ತೆಗೆವ ಸದ್ದಾದರೆ ಸಾಕು, ಎದ್ದು ಹೋಗಿ ಅತ್ತೆಯ ಹಿಂದೆ ನಿಲ್ಲುತ್ತಿದ್ದ.