ಹುಬ್ಬು ಬರೆಸಿಕೊಂಡ ಕತೆ

ಹುಬ್ಬು ಇರುವಷ್ಟು ದಿನ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಪಾರ್ಲರಿಗೆ ಹೋಗಿ, ದಾರದಲ್ಲಿ ಕೀಳಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಈ ಸಲ ಸ್ವಲ್ಪ ತೆಳು ಆಯ್ತಲ್ವಾ" ಅಂತ ಗೊಣಗಿಕೊಂಡು ಬಂದರೆ ಮುಗೀತು. ನಾನೂ ಹಾಗೇ ಇದ್ದೆ. ಮೂರು ವರ್ಷದ ಹಿಂದೆ ಎಡ ಹುಬ್ಬಿನ ನಡುವೆ ಕಡಲೆಕಾಳಿನಷ್ಟು ಜಾಗ ಬೋಳಾಯಿತು. ನಾಲ್ಕು ತಿಂಗಳಲ್ಲಿ ಎಡದ್ದು ಪೂರ್ತಿ ಹೋಯಿತು, ಬಲದ್ದು ತುದಿಯಿಂದ ಅರ್ಧದವರೆಗೆ ಹೋಯಿತು.

ಊರಲ್ಲಿ ಇದಕ್ಕೆ 'ಹುಳ ತಿಂದಿದೆ' ಅಂತಾರೆ. ಚರ್ಮದ ಡಾಕ್ಟರು ಅಲೋಪೇಸಿಯ ಏರಿಯೇಟ ಅಂದರು. ಹುಳವೂ ಇಲ್ಲ, ಗಿಳವೂ ಇಲ್ಲ. ನಮ್ಮ ಮೈಯ ರಕ್ಷಣಾ ಪಡೆಯೇ ಕೂದಲ ಬುಡವನ್ನು ಶತ್ರು ಅಂದುಕೊಂಡು ಅದರ ಮೇಲೆ ದಾಳಿ ಮಾಡುವುದಂತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ನಮ್ಮದೇ ಫೈರ್‌ವಾಲು ನಮ್ಮದೇ ಸರ್ವರನ್ನು ಬ್ಲಾಕ್ ಮಾಡಿ ಕೂತ ಹಾಗೆ. ಮತ್ತೆ ಬರಬಹುದು, ಬರದೇ ಇರಬಹುದು, ಬಂದು ಮತ್ತೆ ಹೋಗಲೂಬಹುದು. ಮುಲಾಮು ಹಚ್ಚಿದೆ, ಹುಬ್ಬಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡೆ. ನಾಲ್ಕು ಎಳೆ ಬಂದವು, ಮತ್ತೆ ಉದುರಿದವು.

ಹುಬ್ಬಿಲ್ಲದ ಮುಖ ಹೇಗಿರುತ್ತೆ ಅಂದರೆ, ಎಲ್ಲರೂ "ಯಾಕೆ, ಹುಷಾರಿಲ್ವಾ?" ಅಂತ ಕೇಳುತ್ತಾರೆ. ಏನು ಇಲ್ಲ ಅಂತ ಅವರಿಗೆ ಗೊತ್ತಾಗುವುದಿಲ್ಲ, ಏನೋ ಇಲ್ಲ ಅಂತ ಮಾತ್ರ ಗೊತ್ತಾಗುತ್ತೆ. 2003ರಲ್ಲಿ ಅಮೆರಿಕದ ಎಂಐಟಿಯವರು ಒಂದು ಪ್ರಯೋಗ ಮಾಡಿದ್ದರು. ಪ್ರಸಿದ್ಧರ ಫೋಟೋಗಳಲ್ಲಿ ಒಮ್ಮೆ ಕಣ್ಣು ಅಳಿಸಿ, ಒಮ್ಮೆ ಹುಬ್ಬು ಅಳಿಸಿ ಜನರಿಗೆ ತೋರಿಸಿದರು. ಕಣ್ಣಿಲ್ಲದ ಮುಖಕ್ಕಿಂತ ಹುಬ್ಬಿಲ್ಲದ ಮುಖದ ಗುರುತು ಹಿಡಿಯುವುದೇ ಕಷ್ಟವಾಯಿತಂತೆ. ಅದನ್ನು ಓದಿದ ದಿನ ನನಗೆ ವಿಚಿತ್ರ ಸಮಾಧಾನ ಆಯ್ತು. ಕನ್ನಡಿಯಲ್ಲಿ ಕಾಣುವುದು ನಾನಲ್ಲ ಅಂತ ಅನಿಸುತ್ತಿದ್ದದ್ದು ಬರೀ ನನ್ನ ಭ್ರಮೆ ಆಗಿರಲಿಲ್ಲ.

ಎರಡು ವರ್ಷ ಪೆನ್ಸಿಲಿನಲ್ಲಿ ಬರೆದುಕೊಂಡೆ. ದಿನಾ ಬೆಳಿಗ್ಗೆ ಹದಿನೈದು ನಿಮಿಷ. ಆಷಾಢದ ಮಳೆಯಲ್ಲಿ ಸ್ಕೂಟಿ ಓಡಿಸಿ ಆಫೀಸು ಮುಟ್ಟುವಾಗ ಒಂದು ಹುಬ್ಬು ಹೆಲ್ಮೆಟ್ಟಿಗೆ, ಇನ್ನೊಂದು ಕರ್ಚೀಫಿಗೆ. ಊರಲ್ಲಿ ಮದುವೆಮನೆ ಅಂದರೆ ಬೆವರು ಒರೆಸಿಕೊಳ್ಳಲೂ ಹೆದರಿಕೆ. ರಾತ್ರಿ ಮುಖ ತೊಳೆದ ಮೇಲೆ ನೆಂಟರ ಎದುರು ಓಡಾಡದೆ ಬೇಗ ಮಲಗುವ ಅಭ್ಯಾಸವೇ ಆಗಿಹೋಗಿತ್ತು.

ಹಾಗಾಗಿ ಬರೆಸಿಕೊಂಡುಬಿಡೋಣ ಅಂತ ನಿರ್ಧಾರ ಮಾಡಿದೆ. ಫೋನಿನಲ್ಲಿ ಹೇಳಿದರೆ ಅಮ್ಮ "ಎಂತ ಕರ್ಮವೇ ಇದು, ಮುಖಕ್ಕೆ ಸೂಜಿ ಚುಚ್ಚಿಸ್ಕಳದಾ?" ಅಂದಳು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು, "ಹಚ್ಚೆ ತಾನೇ? ಹಾಕಿಸ್ಕಳ್ಳಲಿ ಬಿಡು." ಅಜ್ಜಿಯ ಮುಂಗೈ ಮೇಲೆ ರಂಗೋಲಿ ಎಳೆಯಂಥ ಒಂದು ಹಚ್ಚೆ ಇದೆ. ಮದುವೆಗೆ ಮುಂಚೆ ಮನೆ ಬಾಗಿಲಿಗೆ ಬಂದ ಹಚ್ಚೆಯವಳು ದೀಪದ ಕಪ್ಪನ್ನು ಯಾವುದೋ ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತಾ ಚುಚ್ಚಿದ್ದಂತೆ. ಕಪ್ಪಗೆ ಹಾಕಿದ್ದು ಈಗ ಹಸಿರು ಹಸಿರಾಗಿ ಕಾಣುತ್ತದೆ. ಬಣ್ಣ ಚರ್ಮದ ಆಳದಲ್ಲಿದ್ದಷ್ಟೂ ಬೆಳಕು ಮೇಲಿನ ಪದರದಲ್ಲೇ ಚದುರಿ ಕಪ್ಪು ನೀಲಿಯಾಗಿ ಕಾಣುವುದು ಸಹಜವಂತೆ.

ಡಾಕ್ಟರು ಸುಮ್ಮನೆ ಒಪ್ಪಲಿಲ್ಲ. ಒಂದು ವರ್ಷದಿಂದ ಹೊಸದಾಗಿ ಎಲ್ಲೂ ಉದುರಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಗಾಯ ಆದ ಕಡೆ ಉಬ್ಬಿದ ಕಲೆ ಬೀಳುವ ಮೈಯಾ, ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ತಗೋತೀಯಾ, ಬಸುರಿಯಾ, ಎಲ್ಲಾ ಕೇಳಿದರು. ಮೊಡವೆಗೆ ಹಚ್ಚುತ್ತಿದ್ದ ರೆಟಿನಾಲ್ ಕ್ರೀಮನ್ನು ನಾಲ್ಕು ವಾರ ಮೊದಲೇ ನಿಲ್ಲಿಸು ಅಂದರು. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರೂ ಇದನ್ನು ಮಾಡಿಸಿಕೊಳ್ಳುತ್ತಾರಂತೆ. ಆದರೆ ಕೀಮೋ ನಡೆಯುತ್ತಿರುವಾಗ ಸೋಂಕಿನ ಭಯ ಇರುವುದರಿಂದ, ಅವರ ಡಾಕ್ಟರು ಹೇಳಿದಂತೆ ಶುರುವಾಗುವ ಮೊದಲೇ ಇಲ್ಲವೇ ಮುಗಿದು ಚೇತರಿಸಿಕೊಂಡ ಮೇಲೆ.

ಬಣ್ಣದ ವಿಷಯಕ್ಕೂ ಸ್ವಲ್ಪ ಓದಿಕೊಂಡೆ. ಚರ್ಮದೊಳಗೆ ಚುಚ್ಚುವುದಕ್ಕೆ ಅಂತ ಅಮೆರಿಕದ ಎಫ್‌ಡಿಎ ಯಾವ ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಯುರೋಪಿನವರು 2022ರ ಜನವರಿಯಿಂದ ಹಚ್ಚೆಯ ಶಾಯಿಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದ್ದಾರೆ. ಆದ್ದರಿಂದ ನಾನು ಮೂರು ವಿಷಯದಲ್ಲಿ ಹಟ ಹಿಡಿದೆ: ಬಾಟಲಿಯ ಲೇಬಲ್ ನೋಡಬೇಕು, ಕಿವಿಯ ಹಿಂದೆ ಒಂದು ಚುಕ್ಕೆ ಹಾಕಿ ಪರೀಕ್ಷೆ ಮಾಡಬೇಕು, ಸೂಜಿಯ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಒಡೆಯಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲಾ ಸೂಜಿಯ ದಾರಿಯಲ್ಲೇ ಬರುವಂಥವು. ಮೊದಲು ಹೋದ ಒಂದು ಕಡೆ "ಪರೀಕ್ಷೆ ಎಲ್ಲಾ ಬೇಡ ಮೇಡಂ, ಇವತ್ತೇ ಕೂತ್ಕೊಳ್ಳಿ, ಡಿಸ್ಕೌಂಟ್ ಇದೆ" ಅಂದರು. ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಎರಡನೆಯ ಕಡೆಯ ಹುಡುಗಿ ತಾಳ್ಮೆಯವಳು. ಒಂದು ಗಂಟೆ ಬರೀ ಅಳತೆ ಹಿಡಿದಳು. ಗೋಡೆ ಕಟ್ಟುವ ಮೇಸ್ತ್ರಿಗಳ ಹಾಗೆ ದಾರಕ್ಕೆ ಬಣ್ಣ ಹಚ್ಚಿ ಹಣೆಯ ಮೇಲೆ ಗೆರೆ ಹೊಡೆದಳು. ನನ್ನ ಹಳೇ ಫೋಟೋ ಕೇಳಿದಳು. ಮರಗಟ್ಟಿಸುವ ಕ್ರೀಮ್ ಹಚ್ಚಿ ಕಾದ ಮೇಲೆ, ಸಾಲಾಗಿ ಸಣ್ಣ ಸೂಜಿಗಳಿರುವ ಪೆನ್ನಿನಂಥದ್ದರಲ್ಲಿ ಒಂದೊಂದೇ ಕೂದಲಿನಂತೆ ಎಳೆದಳು. ನೋವು ದಾರದಲ್ಲಿ ಕೀಳಿಸುವುದಕ್ಕಿಂತ ಹೆಚ್ಚೇನಿಲ್ಲ. ಆದರೆ ಆ ಸದ್ದು ಇದೆಯಲ್ಲ, ಹೊಸ ಬಟ್ಟೆಯ ಮೇಲೆ ಉಗುರು ಗೀರಿದಂಥ ಸದ್ದು, ಅದು ತಲೆಬುರುಡೆಯೊಳಗೇ ಕೇಳಿಸುತ್ತೆ.

ನಿಜವಾದ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ಮೊದಲ ಮೂರು ದಿನ ಹುಬ್ಬು ಕಡುಗಪ್ಪು, ಯಕ್ಷಗಾನದ ಬಣ್ಣದ ವೇಷದ ಥರ. ಹತ್ತು ದಿನ ಅದಕ್ಕೆ ನೀರು ಎರಚುವಂತಿಲ್ಲ, ಬೆವರುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒತ್ತಿ, ಅವರು ಕೊಟ್ಟ ಮುಲಾಮನ್ನು ತೆಳ್ಳಗೆ ಸವರುವುದಷ್ಟೇ. ಊರಿಂದ ಬಂದಿದ್ದ ಅಮ್ಮ ಅರಿಶಿನ ಎಣ್ಣೆಯ ಬಟ್ಟಲು ಹಿಡಿದು ಎರಡು ದಿನ ಹಿಂದೆ ಹಿಂದೆ ಓಡಾಡಿದಳು. ಬೇಡ ಅನ್ನುವಷ್ಟರಲ್ಲಿ ಸಾಕಾಯ್ತು. ಒಗ್ಗರಣೆಯ ಹೊಗೆಗೂ ನಿಲ್ಲಬಾರದು ಅಂತ ನಾನೇ ಒಂದು ನಿಯಮ ಸೇರಿಸಿಕೊಂಡೆ, ಅಡಿಗೆ ತಪ್ಪಿತು!

ನಾಲ್ಕನೇ ದಿನ ತುರಿಕೆ. ಐದನೇ ದಿನದಿಂದ ಸಿಪ್ಪೆ ಏಳತೊಡಗಿತು. ಕಿತ್ತರೆ ಬಣ್ಣವೂ ಬರುತ್ತೆ, ಕಲೆಯೂ ಉಳಿಯುತ್ತೆ. ಕೀಳದೇ ಇರುವುದಿದೆಯಲ್ಲ, ಅದು ತಪಸ್ಸು. ರಾತ್ರಿ ಕೈಗೆ ಕಾಲುಚೀಲ ಹಾಕಿಕೊಂಡು ಮಲಗಿದೆ. ಹತ್ತನೇ ದಿನ ನೋಡಿದರೆ ಹುಬ್ಬೇ ಮಾಯ! ಸಿಪ್ಪೆಯ ಜೊತೆ ಬಣ್ಣ ಹೋಗಿ, ಬೂದಿ ಬಳಿದಂತೆ ಏನೋ ಒಂದು ನೆರಳು. ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದರು. ಗೊತ್ತಿದ್ದರೂ ಬಚ್ಚಲಿನಲ್ಲಿ ಕೂತು ಅತ್ತೆ. ಎರಡನೇ ಸಲ ಹುಬ್ಬು ಕಳಕೊಂಡ ಹಾಗಿತ್ತು.

ಚರ್ಮದ ಮೇಲ್ಪದರದಲ್ಲಿ ಬಿದ್ದ ಬಣ್ಣ ಅದರ ಜೊತೆಗೇ ಉದುರುತ್ತದೆ. ಕೆಳಪದರದಲ್ಲಿ ಉಳಿದದ್ದರ ಮೇಲೆ ಹೊಸ ಚರ್ಮ ಮೊದಮೊದಲು ಮಬ್ಬಾಗಿರುತ್ತದೆ, ಅದು ತಿಳಿಯಾದಂತೆ ಬಣ್ಣ ಮೇಲೆದ್ದು ಕಾಣುತ್ತದೆ. ಐದನೇ ವಾರಕ್ಕೆ ನನ್ನ ಹುಬ್ಬು ನಿಧಾನಕ್ಕೆ ವಾಪಸು ಬಂತು, ಫೋಟೋ ತೊಳೆಯುವಾಗ ಚಿತ್ರ ಮೂಡುತ್ತದಲ್ಲ, ಹಾಗೆ. ಎಂಟನೇ ವಾರ ಮತ್ತೆ ಹೋಗಿ ಬಿಟ್ಟುಹೋದ ಕಡೆ ತುಂಬಿಸಿಕೊಂಡು ಬಂದೆ.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಚರ್ಮದೊಳಗೆ ಆ ಬಣ್ಣವನ್ನು ಹಿಡಿದುಕೊಂಡಿರುವುದು ಯಾರು ಗೊತ್ತಾ? ಮ್ಯಾಕ್ರೋಫೇಜ್ ಅನ್ನುವ ಕಣಗಳು, ಅದೇ ರಕ್ಷಣಾ ಪಡೆಯವು. ಹೊರಗಿನ ವಸ್ತು ಅಂತ ಬಣ್ಣವನ್ನು ನುಂಗುತ್ತವೆ, ಜೀರ್ಣಿಸಲಾಗದೆ ಹಾಗೇ ಇಟ್ಟುಕೊಳ್ಳುತ್ತವೆ. ಒಂದು ಸತ್ತಾಗ ಅದು ಬಿಟ್ಟ ಬಣ್ಣವನ್ನು ಪಕ್ಕದ್ದು ನುಂಗಿಕೊಳ್ಳುತ್ತದೆ. ಇದನ್ನು 2018ರಲ್ಲಿ ಫ್ರಾನ್ಸಿನ ಮಾರ್ಸೇಲ್‌ನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿಕೊಟ್ಟರು. ಯಾವ ಪಡೆ ನನ್ನ ಸ್ವಂತ ಹುಬ್ಬನ್ನು ಪರಕೀಯ ಅಂತ ಓಡಿಸಿತೋ, ಅದೇ ಪಡೆಯ ಇನ್ನೊಂದು ತುಕಡಿ ಈ ಸಾಲದ ಹುಬ್ಬನ್ನು ಕೈಯಿಂದ ಕೈಗೆ ದಾಟಿಸುತ್ತಾ ಕಾಯುತ್ತಿದೆ. ಮೂರು ವರ್ಷ ನನ್ನ ಮೈಯ ಮೇಲೆ ನನಗಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಮಾಡಿಸಿಕೊಳ್ಳುವವರಿಗೆ ಇನ್ನೆರಡು ಮಾತು. ಇದಾದ ಮೇಲೆ ಒಂದು ವರ್ಷ ರಕ್ತದಾನ ಮಾಡುವ ಹಾಗಿಲ್ಲ, ಆಫೀಸಿನ ಕ್ಯಾಂಪಿನಲ್ಲಿ ನನ್ನನ್ನು ವಾಪಸು ಕಳಿಸಿದರು. ಎಂಆರ್‌ಐ ಮಾಡಿಸುವಾಗ ಮೊದಲೇ ಹೇಳಿ. ಕೆಲವು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಪರೂಪಕ್ಕೆ ಉರಿ, ಊತ ಬರುವುದುಂಟು.

ಹೆಸರು 'ಪರ್ಮನೆಂಟ್' ಅಂತ ಇದ್ದರೂ ಇದು ಒಂದೆರಡು ವರ್ಷಕ್ಕೆ ಮಾಸುತ್ತೆ, ಮತ್ತೆ ಬರೆಸಬೇಕು. ಅಜ್ಜಿಗೆ ಹಾಗಂದೆ. ತನ್ನ ಮುಂಗೈ ಸವರಿಕೊಂಡು, "ಒಡವೆ ಎಲ್ಲಾ ಬಿಚ್ಚಿಟ್ಟು ಹೋಗೂದು, ಹಚ್ಚೆ ಒಂದೇ ನೋಡು ಜೊತೆಗೆ ಬರೂದು. ನಿಂದು ಅದೂ ಇಲ್ಲ, ದುಡ್ಡು ದಂಡ" ಅಂತ ನಕ್ಕಳು. ಆಮೇಲೆ ಕನ್ನಡಕ ಏರಿಸಿ ನನ್ನ ಮುಖವನ್ನು ಸುಮಾರು ಹೊತ್ತು ನೋಡಿ, "ಚೆಂದ ಬರ್ದಾಳೆ ಪುಟ್ಟಿ, ನಿನ್ನ ಅಪ್ಪಂದೇ ಹುಬ್ಬು" ಅಂದಳು.