ಗೋಡೆಗೆ ಮಾತ್ರ

ಬಿಡದಿಯಲ್ಲಿ ತಟ್ಟೆ ಅಂದರೆ ಮೊದಲು ನೆನಪಾಗೋದು ಇಡ್ಲಿ. ನಾವು ಹೇಳಹೊರಟಿರೋದು ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿರುವ ಪಿಂಗಾಣಿ ತಟ್ಟೆಯ ವಿಷಯ. ಅದರಲ್ಲಿ ಒಂದು ಕೆರೆ, ದಡದಲ್ಲಿ ಹೊಂಗೆ ಮರ, ನೀರಿನಲ್ಲಿ ಮೂರು ಕೊಕ್ಕರೆ. ಒಂದು ಕೊಕ್ಕರೆಗೆ ರೆಕ್ಕೆ ಇಲ್ಲ.

ಬರೆದವರು ನಮ್ಮ ಅತ್ತಿಗೆ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತಿದ್ದರು. ಗುತ್ತಿಗೆ ಮುಗೀತು, ಮತ್ತೆ ಕರೆಯಲಿಲ್ಲ. ಚಿತ್ರಕ್ಕೆ ಮೊದಲಿಂದ ಕೈ ಚೆನ್ನಾಗಿತ್ತು. ಬೆಂಗಳೂರಿನಿಂದ ಬಿಳಿ ತಟ್ಟೆ ತಂದು, ಅಕ್ರಿಲಿಕ್ ಬಣ್ಣದಲ್ಲಿ ಬರೆದು, ಮೇಲೆ ವಾರ್ನಿಷ್ ಹೊಡೆದು ಮಾರೋಕೆ ಶುರು ಮಾಡಿದರು.

ಚಿತ್ರದ ಕೆರೆ ಬೈರಮಂಗಲದ್ದು. ಈಗಿನದಲ್ಲ. ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಸೇರಿ ನೊರೆ ಏಳೋ ಕೆರೇನ ಯಾರು ದುಡ್ಡು ಕೊಟ್ಟು ಗೋಡೆಗೆ ಹಾಕ್ತಾರೆ? ಅಮ್ಮ ಮದುವೆಯಾಗಿ ಬಂದಾಗ ನೋಡಿದ್ದ ಕೆರೆ ಅದು. ಅಮ್ಮ ಹೇಳಿದ್ದು, ಅತ್ತಿಗೆ ಬರೆದದ್ದು.

ನಾವು ಪತ್ರಿಕೆಗೆ ಒಂದು ಸಣ್ಣ ವರದಿ ಕಳಿಸಿದೆವು. 'ಗೋಡೆಗೂ ಸೈ, ಊಟಕ್ಕೂ ಸೈ' ಅಂತ ತಲೆಬರಹ. ಊಟಕ್ಕೆ ಆಗುತ್ತಾ ಅಂತ ಅತ್ತಿಗೆಯನ್ನು ಕೇಳಿರಲಿಲ್ಲ. ಓದೋಕೆ ಚೆನ್ನಾಗಿರುತ್ತೆ ಅಂತ ಬರೆದೆವು, ಅಷ್ಟೆ. ವರದಿಯಲ್ಲಿ 'ನಾನು' ಬರಬಾರದು ಅಂತ ಡಿಪ್ಲೊಮಾದಲ್ಲಿ ಕಲಿಸಿದ್ದರು, ಆ ಅಭ್ಯಾಸ ಇಲ್ಲೂ ಬಿಟ್ಟಿಲ್ಲ. 'ನಾವು' ಅಂದ ಮಾತ್ರಕ್ಕೆ ತಪ್ಪು ನಾಲ್ಕು ಜನಕ್ಕೆ ಹಂಚಿ ಹೋಗಲ್ಲ, ಬರೆದವರು ಒಬ್ಬರೇ. ಹದಿನಾಲ್ಕು ತಟ್ಟೆ ಮಾರಾಟವಾದವು.

ಯುಗಾದಿ ದಿನ ಅಮ್ಮ ಹೆಂಚಿನಿಂದ ತೆಗೆದ ಒಬ್ಬಟ್ಟನ್ನ ಗೋಡೆ ಮೇಲಿನ ತಟ್ಟೆಗೇ ಹಾಕಿ, ಬಿಸಿ ತುಪ್ಪ ಬಿಟ್ಟು ಕೊಟ್ಟರು. ಪೇಪರ್‌ನಲ್ಲಿ ಬಂದಿತ್ತಲ್ಲ! ಒಬ್ಬಟ್ಟು ಎತ್ತಿದರೆ ಅಡಿಯಲ್ಲಿ ಬಿಳಿ ರೆಕ್ಕೆ.

"ಏನ್ಲಾ ಇದು, ಕೊಕ್ಕರೆ ಕಿತ್ಕಂಡ್ ಬಂತು!" ಅಂದರು ಅಮ್ಮ. ಎಲ್ಲರೂ ನಕ್ಕೆವು. ಅತ್ತಿಗೆ ನಗಲಿಲ್ಲ.

"ನೀನ್ ಬರೆದಿದ್ದು ಓದ್ಕಂಡೇ ಜನ ತಗಂಡವ್ರೆ ಕಣಪ್ಪ," ಅಂದರು.

ಆಮೇಲೆ, ಮೊದಲೇ ಕೇಳಬೇಕಿದ್ದನ್ನ ಕೇಳಿದೆವು. ಪಿಂಗಾಣಿ ಕೆಲಸ ಬಲ್ಲ ಪರಿಚಯದವರು ಫೋನಿನಲ್ಲಿ ವಿವರಿಸಿದರು. ಪಿಂಗಾಣಿಯ ಹೊಳಪು ಅಂದರೆ ಮಣ್ಣಿನ ಮೇಲೆ ಕರಗಿ ಕೂತ ಗಾಜಿನ ಪದರ. ಚಿತ್ರವನ್ನ ಆ ಪದರದ ಕೆಳಗೆ ಬರೆದು 1,000 ಡಿಗ್ರಿಗೂ ಮೇಲೆ ಸುಡಬಹುದು. ಇಲ್ಲವೇ ಪದರದ ಮೇಲೆ ಬರೆದು, ಸುಮಾರು 800 ಡಿಗ್ರಿಯಲ್ಲಿ ಮತ್ತೆ ಸುಡಬೇಕು. ಆ ಬಣ್ಣಗಳು ಖನಿಜದವು: ನೀಲಿಗೆ ಕೋಬಾಲ್ಟ್, ಕಂದಿಗೆ ಕಬ್ಬಿಣ. ಅಕ್ರಿಲಿಕ್ ಒಂದು ಪ್ಲಾಸ್ಟಿಕ್, ಅದು ಗಾಜಾಗಲ್ಲ. ಬಿಸಿಗೆ ಮೆತ್ತಗಾಗುತ್ತೆ, ಉಜ್ಜಿದರೆ ಏಳುತ್ತೆ. ಸುಟ್ಟದ್ದೆಲ್ಲ ಸುರಕ್ಷಿತ ಅಂತಲೂ ಅಲ್ಲವಂತೆ. ಕೆಲವು ಹೊಳಪಿನಲ್ಲಿ ಸೀಸ ಇರುತ್ತೆ, ಹುಣಸೆಹುಳಿ, ನಿಂಬೆರಸ ಬಿದ್ದರೆ ಅದು ಊಟಕ್ಕೆ ಇಳಿಯುತ್ತೆ.

ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆಗೆ ಅರಗು ಹಚ್ಚುವವರು ಅರಿಶಿನದಂಥ ಬಣ್ಣ ಬಳಸೋದನ್ನ ಎಷ್ಟು ಸಲ ವರದಿ ಮಾಡಿಲ್ಲ ನಾವು! ಮಕ್ಕಳು ಬಾಯಿಗೆ ಇಟ್ಟುಕೊಳ್ತಾರೆ ಅನ್ನೋ ವಾಕ್ಯವನ್ನ ಪ್ರತಿ ಸಲವೂ ಬರೆದಿದ್ದೇವೆ. ಮನೆಯ ತಟ್ಟೆ ವಿಷಯಕ್ಕೆ ಅದು ಹೊಳೆಯಲಿಲ್ಲ.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು, ಬರಲಿಲ್ಲ. ಅತ್ತಿಗೆ ಕಾಯಲಿಲ್ಲ. ನಂಬರ್ ಇದ್ದ ಹನ್ನೆರಡು ಜನಕ್ಕೂ ತಾವೇ ಫೋನ್ ಮಾಡಿದರು. ಹೆಚ್ಚಿನವರು ಗೋಡೆಗೇ ಹಾಕಿದ್ದರು. ಒಬ್ಬ ತಾಯಿ ಮಾತ್ರ, "ತಳದಾಗೆ ಕೊಕ್ಕರೆ ಐತೆ ಅಂತ ನಮ್ಮ ಮಗೀಗೆ ದಿನಾ ಇದ್ರಾಗೇ ಮೊಸರನ್ನ ಉಣ್ಣಿಸ್ತೀವಿ," ಅಂದರು. ಅವತ್ತು ಸಂಜೆಯೇ ನಮ್ಮ ಬೈಕಿನಲ್ಲಿ ಅತ್ತಿಗೆ ಅವರ ಊರಿಗೆ ಹೋಗಿ ದುಡ್ಡು ವಾಪಸ್ ಕೊಟ್ಟು ಬಂದರು. ತಟ್ಟೆಯಲ್ಲಿ ಕೊಕ್ಕರೆಗಳ ಕಾಲು ಆಗಲೇ ಮಾಸಿದ್ದವು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಈಗ ಅತ್ತಿಗೆ ಪ್ರತಿ ತಟ್ಟೆಯ ಹಿಂದೆ 'ಗೋಡೆಗೆ ಮಾತ್ರ' ಅಂತ ಬರೀತಾರೆ. ಮಾರಾಟ ಕಮ್ಮಿಯಾಗಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ, ಸುಡೋದನ್ನ ಕಲಿಯಬೇಕು ಅಂತಾರೆ. ಮಕ್ಕಳನ್ನ ಬಿಟ್ಟು ಅಷ್ಟು ದೂರ ಹೋಗೋದು ಹೇಗೆ ಅಂತಲೂ ಅವರೇ ಅಂತಾರೆ.

ಇನ್ನೂ ಎರಡು ತಟ್ಟೆ ಸಿಕ್ಕಿಲ್ಲ. ಹೆದ್ದಾರಿ ಪಕ್ಕ ನಿಂತು ದುಡ್ಡು ಕೊಟ್ಟು ತಗೊಂಡು ಹೋದವರು, ನಂಬರ್ ಕೊಟ್ಟಿರಲಿಲ್ಲ. ಕೆರೆ, ಹೊಂಗೆ ಮರ, ಮೂರು ಕೊಕ್ಕರೆ ಇರೋ ತಟ್ಟೆ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದರಲ್ಲಿ ಉಣ್ಣಬೇಡಿ.